ಗುರಾಮನಿಗೆ ಎರಡು ಪಾಲು

ತೆಲಾವಿಯ ನೆಲಮಾಳಿಗೆ. ಕುತ್ತಿಗೆವರೆಗೆ ಹೂತ
ದ್ರಾಕ್ಷಾರಸದ ಗುಡಾಣ ಐದು. ಆರನೆಯದು ಒಡೆದದ್ದು,
ಅದರ ಬಾಯಿಗೆ ಹಲಗೆ ಹಾಸಿ
ನನ್ನ ಯಂತ್ರ ಇಟ್ಟಿದ್ದೇನೆ, ರೊಟ್ಟಿ ಡಬ್ಬಿಯಷ್ಟು.
ನಾಣ್ಯ ಹುಟ್ಟಿಸುವುದಿಲ್ಲ ಅದು. ಲೆಕ್ಕ ಓದುತ್ತದೆ,
ತಪ್ಪಿದ್ದರೆ ಒಲ್ಲೆ ಅನ್ನುತ್ತದೆ. ಅಷ್ಟೇ ಉದ್ಯೋಗ.

ಜಗಳ ಪುಟದ ಅಳತೆಯದು.
ಊರೂರಿನವರು ಕೂಡಿ ಬರೆಯುವ ಖಾತೆಪುಸ್ತಕ,
ಆರು ನಿಮಿಷಕ್ಕೊಂದು ಪುಟ.
ಸಾಲದು, ಜನ ಕಾಯುತ್ತಿದ್ದಾರೆ, ಎಂಟು ಪಟ್ಟು ಮಾಡಿ
ಎಂದ ಮಲ್ಖಾಜ್. ಬೆಟ್ಟದ ಹೊಳೆಯ ಕರೆಂಟಿಗೆ
ಅವನ ನಾನೂರು ಯಂತ್ರ ಬಾಯಿ ಹಚ್ಚಿವೆ.
ಪುಟ ದಪ್ಪವಾದರೆ ಹೊರುವವರು ಯಾರು,
ಕೊನೆಗೆ ಹೊತ್ತವನದೇ ಪುಸ್ತಕ
ಎಂದ ಬೆಸಿಕ್, ನನ್ನ ಡಬ್ಬಿಯ ಕಡೆ ನೋಡಿ.

ಊಟದ ಮೇಜಿಗಾದರೆ ಒಬ್ಬ ತಮಾದಾ ಇರುತ್ತಾನೆ,
ಅವನು ಮಾತು ಮುಗಿಸದೆ ಯಾರೂ ಕುಡಿಯುವಂತಿಲ್ಲ.
ಇಲ್ಲಿ ತಮಾದಾ ಇಲ್ಲ. ಇಲ್ಲದ್ದೇ ನಮ್ಮ ಹೆಮ್ಮೆಯಾಗಿತ್ತು.
ಈಗ ಎಲ್ಲರ ಲೋಟವೂ ಎತ್ತಿಯೇ ಇದೆ.

ಒಮ್ಮತ ಅಂದರೇನು, ಕೇಳಿದಳು ಲಮ್ಜಿರಾ ಅತ್ತೆ,
ಸೋವಿಯತ್ ಕಾಲದ ತೋಟದ ಸಭೆಗಳಲ್ಲಿ
ಎತ್ತಿದ ಕೈ ಎಣಿಸುತ್ತಿದ್ದವಳು.
ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲವಂತೆ: ಎಲ್ಲ ಕೈ, ಯಾವಾಗಲೂ.
ಇಲ್ಲಿ ಕೈ ಎತ್ತುವುದಿಲ್ಲ ಅತ್ತೆ,
ಯಾವ ನಿಯಮ ಓಡಿಸುತ್ತೀಯೋ ಅದೇ ನಿನ್ನ ಮಾತು.
ಒಪ್ಪದಿದ್ದರೆ?
ಬೇರೆ ಒಲೆ.

ಏಳು ಲಕ್ಷದ ಹನ್ನೆರಡು ಸಾವಿರದ ನಾಲ್ಕನೆಯ ಪುಟ.
ರಾತ್ರಿ ಮೂರು ಗಂಟೆ. ಮಲ್ಖಾಜನ ಮೊದಲ ದಪ್ಪ ಪುಟ ಬಂತು.
ಡಬ್ಬಿ ಓದಿತು. ಒಲ್ಲೆ ಅಂದಿತು.
ಸದ್ದಿಲ್ಲ, ಒಂದು ಸಾಲು ಕೆಂಪಕ್ಷರ.
ನನ್ನ ಕೈ ಯಾಕೋ ನಡುಗಿತು,
ಮದುವೆಯಲ್ಲಿ ನನ್ನ ತಲೆಯ ಮೇಲೆ ಕಿರೀಟ ಹಿಡಿದವನನ್ನು
ನಾನೇ ಬಾಗಿಲಲ್ಲಿ ತಡೆದ ಹಾಗೆ.

ಬೆಳಗಾದಾಗ ಪುಸ್ತಕ ಎರಡು.
ಹಳೆಯ ಪುಟ ಎರಡರಲ್ಲೂ ಒಂದೇ, ಅಕ್ಷರ ಬಿಡದೆ.
ನಮ್ಮದೇ ಅಸಲು ಅನ್ನುತ್ತಾರೆ ಇಬ್ಬರೂ.
ಬೆಲೆ ಇಬ್ಬರದೂ ಇಳಿದಿದೆ.

ನಿನ್ನೆ ಗುರಾಮನ ನಲವತ್ತನೆಯ ದಿನ.
ಬಂದರು, ಮೇಜಿನ ಆ ತುದಿಗೊಬ್ಬ ಈ ತುದಿಗೊಬ್ಬ.
ಗುರಾಮ್ ನಮ್ಮ ಮೂವರಿಗೂ ಇದನ್ನು ಕಲಿಸಿದವನು,
ಬೀಗದ ಗುಟ್ಟು ಮಾತ್ರ ಯಾರಿಗೂ ಹೇಳದೆ ಹೋದವನು.
ಅವನ ಮುನ್ನೂರು ನಾಣ್ಯ ಈಗ
ಅಲ್ಲೂ ಮುನ್ನೂರು, ಇಲ್ಲೂ ಮುನ್ನೂರು.
ಸತ್ತ ಮೇಲೆ ಗಳಿಸಿದ ನೋಡು, ಅಂದಳು ಅತ್ತೆ,
ಅವನ ಪಾಲಿನ ರೊಟ್ಟಿ ಚೂರಿಗೆ ದ್ರಾಕ್ಷಾರಸ ಹನಿಸುತ್ತ.

ಮಲ್ಖಾಜ್ ಮೊದಲು ನಕ್ಕ.
ಬೆಸಿಕ್ ತಡೆದುಕೊಂಡ, ಆಮೇಲೆ ಆಗಲಿಲ್ಲ.
ಕೆಳಗೆ, ಒಡೆದ ಗುಡಾಣದ ಮೇಲೆ,
ಆರು ನಿಮಿಷಕ್ಕೊಮ್ಮೆ
ಕೆಂಪಗೆ, ಒಲ್ಲೆ.