ನೋಯದ ಹಲ್ಲು

ನೋವಿಲ್ಲ ಎಂದ ಝಿವ್ಕೊ, ಬಾಯಿ ತೆರೆಯುವ ಮೊದಲೇ.
ಐವತ್ತೊಂದು ವರ್ಷ. ಪ್ಲೋವ್ದಿವ್‌ನ ಮದುವೆಗಳಲ್ಲಿ
ಕ್ಲಾರಿನೆಟ್ ಊದುವವ.
ಮುಂದಿನ ಹಲ್ಲಿನೊಳಗೊಂದು ತೆಳು ಗುಲಾಬಿ
ಹೆಂಡತಿಗೆ ಕಂಡಿತಂತೆ;
ಬೀಟ್‌ರೂಟ್ ತಿಂದೆಯಾ ಎಂದಳಂತೆ.
ಉಜ್ಜಿದ. ಹೋಗಲಿಲ್ಲ.

ಎಕ್ಸ್‌ರೇ ಬೆಳಕಿಗೆ ಹಿಡಿದೆ.
ಬೇರಿನ ನಡುವೆ ದಾರದಂತೆ ಇಳಿಯಬೇಕಾದ ಹಾದಿ
ಅರ್ಧದಲ್ಲಿ ಉಬ್ಬಿಕೊಂಡಿದೆ,
ಇಲಿ ನುಂಗಿ ಮಲಗಿದ ಹಾವಿನ ಹಾಗೆ.
ಹುಳುಕಲ್ಲ. ಸಕ್ಕರೆಯ ತಪ್ಪಲ್ಲ.
ಹೊರಗಿನವರು ಯಾರೂ ಬಂದಿಲ್ಲ.
ಬೇಲಿಯೇ ಎದ್ದು ಹೊಲ ಮೇಯುತ್ತಿದೆ
ಸದ್ದಿಲ್ಲದೆ, ಎಷ್ಟೋ ವರ್ಷದಿಂದ.

ಯಾವತ್ತಾದರೂ ಪೆಟ್ಟು ಬಿದ್ದಿತ್ತೆ?
ಇಲ್ಲ, ಎಂದ.
ತೀರ ಬೇಗ ಎಂದ.

ಕಿತ್ತುಬಿಡಿ, ಟೈಟಾನಿಯಂ ತಿರುಪು ಕೂರಿಸೋಣ
ಎಂದಳು ಹೊಸದಾಗಿ ಸೇರಿದ ದೆಸಿಸ್ಲಾವಾ.
ಅವಳದೂ ಸರಿಯೇ.
ಆದರೆ ಕ್ಲಾರಿನೆಟ್ಟಿನ ಕೊಕ್ಕು ಕೂರುವುದು ಈ ಹಲ್ಲಿನ ಮೇಲೆ;
ಮೂವತ್ತೈದು ವರ್ಷ ಸ್ವರ
ಇದರಿಂದ ಹತ್ತಿ ತಲೆಬುರುಡೆಗೆ ಹೋಗಿದೆ.
ಗೋಡೆ ಉಗುರಿನಷ್ಟು ತೆಳು, ನಿಜ. ತೂತಾಗಿಲ್ಲವಲ್ಲ.
ನಮ್ಮ ಪೇಟೆಬೀದಿಯ ಕೆಳಗೆ
ರೋಮನ್ನರ ಓಟದ ಮೈದಾನ ಮಲಗಿದೆ,
ಮೇಲೆ ಬೂಟಿನ ಅಂಗಡಿ.
ಟೊಳ್ಳಿನ ಮೇಲೆ ಸಂಸಾರ ನಮಗೆ ಹೊಸದೇನಲ್ಲ.

ಕೊರೆದೆ. ರಕ್ತ ಬಂತು, ಅಷ್ಟು ಸಣ್ಣ ಮನೆಯಿಂದ
ಅಷ್ಟೊಂದು.
ತೊಳೆದೆ, ಮತ್ತೆ ತೊಳೆದೆ,
ಕೋಣೆಯೆಲ್ಲ ಈಜುಕೊಳದ ವಾಸನೆ.
ಸುಣ್ಣದ ಬಿಳಿ ಲೇಪ ತುಂಬಿ ಬಾಗಿಲು ಮುಚ್ಚಿ
ಎರಡು ವಾರ ಊದಬೇಡ ಎಂದೆ.
ಶನಿವಾರ ಊದಿದನಂತೆ.

ಎರಡನೆಯ ಸಲ, ತುಟಿ ಮರಗಟ್ಟುತ್ತಿರುವಾಗ
ತೊದಲಿದ:
ಮಗ ಕಿರಿಲ್‌ಗೆ ನಾಲ್ಕು ವರ್ಷ. ತೊಡೆಯ ಮೇಲಿದ್ದ.
ನಗುತ್ತಾ ತಲೆ ಹಿಂದಕ್ಕೆ ಎಸೆದ. ಅಷ್ಟೇ.
ಬಾಯಿ ತುಂಬ ಉಪ್ಪು.
ಅವನು ಅಳಬಾರದೆಂದು ನಾನೂ ನಕ್ಕೆ.
ಹೊರಗೆ ಕೂತಿದ್ದಾನೆ ಈಗ, ಕಾರಿನ ಬೀಗದ ಕೈ ತಿರುಗಿಸುತ್ತಾ.
ಬರೆಯಬೇಡಿ ಅದನ್ನು.

ಅದೇ ಪೆಟ್ಟು ಎಂದು ನಾನಾದರೂ ಹೇಗೆ ಹೇಳಲಿ?
ಇಪ್ಪತ್ತು ವರ್ಷದಲ್ಲಿ ಮೈಗೆ ಏನೇನೋ ನೆನಪಾಗುತ್ತದೆ.

ರಕ್ತ ನಿಂತಿತ್ತು.
ದೂರದ ಯಾವುದೋ ಕಾಡಿನ ಮರದ ಹಾಲು, ಗಟ್ಟಿಯಾದದ್ದು;
ಕಾಯಿಸಿ ಮೆತ್ತಗೆ ಮಾಡಿ ಇಳಿಬಿಟ್ಟೆ.
ಆ ಉಬ್ಬಿನ ಮೂಲೆಮೂಲೆಗೂ ತಾನೇ ಹರಿಯಿತು,
ಯಾರೂ ದಾರಿ ಹೇಳದೆ.
ಮೇಲೆ ಗಾಜಿನ ಎಳೆಯ ಸಣ್ಣ ಕಂಬ,
ಅದರ ಸುತ್ತ ಹಲ್ಲಿನ ಬಣ್ಣದ ಗಾರೆ.
ನೀಲಿ ದೀಪ. ಇಪ್ಪತ್ತು ಎಣಿಸಿದೆ.

ಕೊಕ್ಕನ್ನು ಜೇಬಿನಲ್ಲೇ ತಂದಿದ್ದ.
ತುಟಿಗೆ ಎಚ್ಚರ ಬರುವ ಮೊದಲೇ ಕಚ್ಚಿ ಊದಿದ:
ಬಾತುಕೋಳಿಯ ಕಿರುಚು.
ಹೊರಗೆ ಕಿರಿಲ್ ನಕ್ಕಿದ್ದು ಕೇಳಿಸಿತು.
ಝಿವ್ಕೊ ಕಣ್ಣು ಮುಚ್ಚಿ ಇನ್ನೊಮ್ಮೆ ಊದಿದ,
ಬುರುಡೆಯೊಳಗೆ ಏನನ್ನೋ ಹುಡುಕುವವನಂತೆ.
ಸಿಕ್ಕಿತೋ ಇಲ್ಲವೋ ಹೇಳಲಿಲ್ಲ.

ಆರು ತಿಂಗಳಿಗೆ ಬಾ ಎಂದೆ.
ಗಟ್ಟಿ ಬ್ರೆಡ್ಡು ಮುಂದಿನಿಂದ ಕಚ್ಚಬೇಡ.
ಕಡತದಲ್ಲಿ ಕಾರಣದ ಸಾಲು ಖಾಲಿ ಇತ್ತು.
ತಿಳಿಯದು, ಎಂದು ಬರೆದೆ.