ಕಕ್ಕಡದಲ್ಲಿ ರಜೆ

ಕಕ್ಕಡ ಬಂತೆಂದರೆ ವಿರಾಜಪೇಟೆಯಲ್ಲಿ ಮದುವೆಯಿಲ್ಲ,
ಮದುವೆಯಿಲ್ಲದ ಮೇಲೆ ಕುಪ್ಯ ಯಾರಿಗೆ ಬೇಕು?
ಮೆಷಿನ್ನಿಗೆ ಎಣ್ಣೆ ಬಿಟ್ಟು, ಬಟ್ಟೆ ಹೊದೆಸಿ,
ಗಡಿಯಾರ ರಿಪೇರಿ ಹಂಸನ ಜೊತೆ ಹೊರಟೆ.
ಮಾಕುಟ್ಟದ ತಿರುವುಗಳಲ್ಲಿ ಅವನು ಎರಡು ಸಲ ಕಕ್ಕಿದ.
ವಿಮಾನ ಇಷ್ಟು ಕುಲುಕಲ್ಲ ಬಿಡು ಅಂದೆ,
ನಾನೇನು ಹತ್ತಿದ್ದೆನೇ ಅಲ್ಲಿಯವರೆಗೆ?

ಮಂಗಳವಾರದ ಟಿಕೆಟ್ಟು ಅಗ್ಗ, ನಡುರಾತ್ರಿಯದು ಇನ್ನೂ ಅಗ್ಗ.
ಗಂಟು ಏಳು ಕಿಲೋ ಮೀರಬಾರದು.
ಅಂಗಿಯ ಮೇಲೆ ಅಂಗಿ, ಅದರ ಮೇಲೊಂದು ಅಂಗಿ ತೊಟ್ಟು
ಕೊಚ್ಚಿಯಲ್ಲಿ ಜವಳಿ ಅಂಗಡಿಯ ಬೊಂಬೆಯ ಹಾಗೆ ನಿಂತೆ.
ಕತ್ತರಿಯನ್ನು ಕಿತ್ತು ಡಬ್ಬಿಗೆ ಹಾಕಿದರು,
ಅಪ್ಪ ಮೈಸೂರಿನಿಂದ ತಂದ ಕತ್ತರಿ.
ಯಾಕೆ ಒಯ್ದೆನೋ, ಅಭ್ಯಾಸ.
ಟೇಪು ಮಾತ್ರ ಕೊರಳಲ್ಲೇ ಉಳಿಯಿತು.

ಹೊರಟದ್ದು ಹದಿನೆಂಟನೇ ಕಕ್ಕಡದ ದಿನವೇ.
ಪೊನ್ನಕ್ಕಿ ಕೊಟ್ಟಿದ್ದಳು ಮದ್ದುಸೊಪ್ಪಿನ ಪಾಯಸ, ಬಟ್ಟಲು ತುಂಬ.
ಕೌಲಾಲಂಪುರದ ಹೊಳೆಯುವ ಶೌಚಾಲಯದಲ್ಲಿ
ಕೆಂಪಗೆ ಹರಿದದ್ದು ಕಂಡು
ಪಕ್ಕದವನು ದೇವರನ್ನು ಕರೆದ, ಯಾವ ದೇವರೋ.
ಏನಿಲ್ಲ ಮಾರಾಯ, ನಮ್ಮೂರ ಸೊಪ್ಪು ಅಂತ
ಯಾವ ಭಾಷೆಯಲ್ಲಿ ಹೇಳಲಿ?
ನಕ್ಕೆ. ಅವನು ಇನ್ನೂ ಹೆದರಿದ.

ಹನ್ನೆರಡು ಮಂಚದ ಕೋಣೆ, ನನ್ನದು ಮೇಲಿನದು.
ಕೆಳಗೆ ಮಲಗಿದವನ ಕಾಲುಚೀಲಕ್ಕೆ
ಅಂಕೋರಿಗಿಂತ ಹಳೆಯ ವಾಸನೆ.
ಎಟಿಎಂ ಹಂಸನ ಕಾರ್ಡು ನುಂಗಿ ಥ್ಯಾಂಕ್ಸ್ ಹೇಳಿತು.
ಒಂದು ದಿನದ ಪಾಸಿಗೆ ಎರಡು ಕುಪ್ಯದ ಕೂಲಿ;
ಮೂರು ದಿನದ್ದರ ಬೆಲೆ ಕೇಳಿ ಸುಮ್ಮನಾದೆವು.
ಎಂಟುನೂರು ವರ್ಷವನ್ನು ಸಂಜೆಯೊಳಗೆ ನೋಡಿ ಮುಗಿಸಬೇಕು!
ಬೆಳಗಿನ ಜಾವ ನಾಲ್ಕಕ್ಕೆ ಬಾಡಿಗೆ ಸೈಕಲ್ಲು,
ಅವನದಕ್ಕೆ ಬ್ರೇಕಿಲ್ಲ, ನನ್ನದಕ್ಕೆ ಸೀಟು ನಿಲ್ಲದು.
ಸೂರ್ಯ ಹುಟ್ಟಿದ್ದನ್ನು ನಾವು ಕಂಡದ್ದು
ಮುಂದಿದ್ದವರು ಎತ್ತಿ ಹಿಡಿದ ನೂರು ಫೋನುಗಳಲ್ಲಿ.

ಮಧ್ಯಾಹ್ನ ಒಂದು ಎಳನೀರಿನ ಹಣಕ್ಕೆ ಜಗಳ.
ಇಪ್ಪತ್ತು ವರ್ಷ ಎದುರುಬದುರು ಅಂಗಡಿ ಇಟ್ಟವರು
ಕಲ್ಲಾನೆಗಳ ಸಾಲಿನ ಮುಂದೆ
ಒಬ್ಬರಿಗೊಬ್ಬರು ಬೆನ್ನು ಹಾಕಿ ನಡೆದೆವು.

ಸೋಲು ಕಿತ್ತ ಬೂಟು ಪಟ್ ಪಟ್ ಅನ್ನುತ್ತಿತ್ತು.
ಮರ ಮೆಟ್ಟಿ ನಿಂತ ಗುಡಿಯೊಂದಕ್ಕೆ ಬಂದೆ.
ಗೋಡೆಯಲ್ಲೊಬ್ಬಳು ಹೆಂಗಸು. ಮೂಗಿಲ್ಲ.
ಸೊಂಟದ ನೆರಿಗೆ ಮಾತ್ರ ನಿನ್ನೆ ಇಸ್ತ್ರಿ ಮಾಡಿದ ಹಾಗೆ.
ಎಣಿಸಿದೆ: ಹನ್ನೊಂದು. ಅಂಚು ಎಲ್ಲೂ ಜಾರಿಲ್ಲ.
ಯಾರಪ್ಪಾ ನೀನು, ಕಲ್ಲಿನಲ್ಲೂ ಅಳತೆ ತಪ್ಪದವನೇ,
ಕೂಲಿ ಸರಿಯಾಗಿ ಕೊಟ್ಟರಾ ನಿನಗೆ?
ಸುತ್ತ ಯಾರೂ ಇಲ್ಲವೆಂದು ಟೇಪು ತೆಗೆದೆ,
ಬೇರಿನ ಸುತ್ತಳತೆಗೆ ಸಾಲಲಿಲ್ಲ.
ಕಾವಲುಗಾರ ಬಂದ. ಬಯ್ಯುತ್ತಾನೆ ಅಂದುಕೊಂಡೆ.
ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ.
ಬೇರು ತೋರಿಸಿ, ಕೈಯಲ್ಲೇ ಕೊಯ್ದ ಹಾಗೆ ಮಾಡಿ,
ಗೋಡೆ ತೋರಿಸಿ ಎರಡೂ ಅಂಗೈ ಕೆಳಕ್ಕೆ ಬಿಟ್ಟ.
ಸೀಳಿದ್ದೂ ಇದೇ,
ಹೊಲಿದಿಟ್ಟದ್ದೂ ಇದೇ.

ಸಂಜೆ ಶಾವಿಗೆ ಗಾಡಿಯ ಹತ್ತಿರ ಹಂಸ ಕೂತಿದ್ದ,
ಮುಂದೆ ಎರಡು ಬಟ್ಟಲು. ಒಂದು ಆಗಲೇ ಆರಿತ್ತು.
ನೂಲುಪುಟ್ಟಿಗೆ ಯಾರೋ ನೀರು ಹೊಯ್ದಿದ್ದಾರೆ ಅಂದ.
ಅಷ್ಟಕ್ಕೇ ರಾಜಿ.

ಈಗ ಪುತ್ತರಿ ಹತ್ತಿರ.
ಪೊನ್ನಕ್ಕಿ ಅಜ್ಜನ ಕುಪ್ಯ ತಂದು ಮೇಜಿಗೆ ಹಾಕಿದ್ದಾಳೆ,
ಸುಗುಣಣ್ಣ, ಮಗನ ಅಳತೆಗೆ ಇಳಿಸಿ ಕೊಡಿ.
ಕಂಕುಳ ಕೆಳಗೆ ನುಸಿ ತಿಂದ ತೂತು,
ಅದರ ಮೇಲೆ ಯಾರೋ, ಯಾವಾಗಲೋ,
ಕರಿ ಬಟ್ಟೆಗೆ ಬಿಳಿ ದಾರದಲ್ಲಿ
ದಿಕ್ಕಾಪಾಲು ಹಾಕಿದ ಹೊಲಿಗೆ.
ಇಂಥದ್ದು ಕಂಡರೆ ನನಗೆ ಮೈಯುರಿ,
ಮೊದಲಾಗಿದ್ದರೆ ಸರಕ್ಕನೆ ಬಿಚ್ಚುತ್ತಿದ್ದೆ.
ಹೊಸ ಕತ್ತರಿ ಇನ್ನೂ ಕೈಗೆ ಒಗ್ಗಿಲ್ಲ.
ಎದುರಂಗಡಿಯಿಂದ ಹಂಸ ಕೂಗುತ್ತಾನೆ,
ಎಳನೀರಿನ ಬಾಕಿ ನೀನೇ ಕೊಡಬೇಕು, ನೆನಪಿದೆಯಾ.
ಆ ಬಿಳಿ ದಾರವನ್ನು ಉಗುರಲ್ಲಿ ಎತ್ತಿ
ಎಷ್ಟು ಹೊತ್ತು ಹಿಡಿದಿದ್ದೆನೋ,
ಆಗಲ್ವಾ ಅಂತ ಪೊನ್ನಕ್ಕಿಯೇ ಕೇಳಿದಳು.