ದಮ್ ಹಿಡಿಯುವವನು

ಗ್ಯೂಮ್ರಿಯ ಆಸ್ಪತ್ರೆ, ಎರಡನೇ ಮಹಡಿ, ಏಳನೇ ಮಂಚ.
ಹ್ರಾಯರ್, ಇಪ್ಪತ್ತೆರಡು ವರ್ಷ,
ಮಂಚಕ್ಕಿಂತ ಒಂದು ಗೇಣು ಉದ್ದ;
ಕಾಲಿಗೆ ನಾನೇ ಸ್ಟೂಲು ಎಳೆದುಕೊಟ್ಟೆ.

ಕಸುಬೇನು ಅಂತ ಕೇಳಿದೆ, ಬರೆದುಕೊಳ್ಳಬೇಕಲ್ಲ.
"ದಮ್ ಹಿಡಿಯುತ್ತೇನೆ" ಅಂದ, ಮೂರು ತುಂಡು ಮಾಡಿ.
ಚಿಕ್ಕಪ್ಪ ದುದುಕ್ ನುಡಿಸುವಾಗ
ಹಿಂದೆ ಕೂತು, ಕೆನ್ನೆಯಲ್ಲಿ ಗಾಳಿ ಕೂಡಿಟ್ಟು,
ಮೂಗಲ್ಲಿ ಎಳೆದುಕೊಳ್ಳುತ್ತ
ಒಂದೇ ಸ್ವರವನ್ನು ಕಡಿಯದಂತೆ ಕಾಯುವುದು.
ಹಾಡು ಚಿಕ್ಕಪ್ಪನದು, ಚಪ್ಪಾಳೆಯೂ.
ಇವನು ನೆಲ.

ಮದುವೆಯೊಂದರಲ್ಲಿ ಎಡಬೆನ್ನಿನೊಳಗೆ
ಅಂಗಿಯ ಗುಂಡಿ ಕಿತ್ತ ಹಾಗಾಯಿತಂತೆ.
ಆದರೂ ಸ್ವರ ಬಿಡಲಿಲ್ಲ, ಇನ್ನೂ ಎರಡು ಹಾಡು.
ಆಮೇಲೆ ಎರಡು ದಿನ
ವಾಯು ಅಂತ ಅಜ್ಜಿ ಪುದೀನ ಕುದಿಸಿ ಕೊಟ್ಟಳು.
ವಾಯುವೇ ಹೌದು. ಇದ್ದ ಜಾಗ ಬೇರೆ.

ಡಾಕ್ಟರ್ ಶುಷಾನಿಕ್ ಎಕ್ಸ್‌ರೇ ಕಿಟಕಿಗೆ ಹಿಡಿದಳು:
ಎಡಗಡೆ ಕಪ್ಪು, ಬರೀ ಕಪ್ಪು,
ನಡುವಿಗೆ ಒತ್ತಿ ಎಸೆದ ಒದ್ದೆ ಕರವಸ್ತ್ರದಂತೆ ಪುಪ್ಪುಸ.
"ಊದಿ ಊದಿ ಹೀಗಾಯಿತೇ?" ಚಿಕ್ಕಪ್ಪ ಟೋಪಿ ಹಿಂಡುತ್ತಿದ್ದ.
ಇರಬಹುದು, ಇಲ್ಲದಿರಬಹುದು.
ಉದ್ದ ಸಣಕಲು ಹುಡುಗರ ಪುಪ್ಪುಸದ ನೆತ್ತಿಯಲ್ಲಿ
ಕೆಲವೊಮ್ಮೆ ಗುಳ್ಳೆಗಳಿರುತ್ತವೆ,
ಬೂಟಿನ ದಾರ ಕಟ್ಟುವಾಗಲೂ ಒಡೆಯುತ್ತವೆ.
"ಸಿಗರೇಟು?"
ಹುಡುಗ ಚಾವಣಿ ನೋಡಿದ.
ದಿನಕ್ಕೊಂದು ಪ್ಯಾಕು. ಆ ದಮ್ಮೂ ಇವನೇ ಎಳೆದದ್ದು.

ಪುಪ್ಪುಸಕ್ಕೂ ಎದೆಗೂಡಿಗೂ ನಡುವೆ ಸಂದು ಬಿಡಬಾರದು,
ಒದ್ದೆ ಗಾಜಿಗೆ ಗಾಜು ಅಂಟಿದ ಹಾಗಿರಬೇಕು.
ಅಲ್ಲಿ ಗಾಳಿ ನುಸುಳಿತೋ,
ಉಸಿರೇ ಉಸಿರಿನ ಕತ್ತು ಹಿಸುಕುತ್ತದೆ.

ನನಗಿದು ಗೊತ್ತಾದದ್ದು ಪುಸ್ತಕದಿಂದಲ್ಲ.
ಎಂಬತ್ತೆಂಟರ ಡಿಸೆಂಬರ್. ಊರಿಗೆ ಆಗ ಬೇರೆ ಹೆಸರು.
ಚೌಕದಲ್ಲಿ ಕಿತ್ತ ಬಾಗಿಲುಗಳು, ಬಾಗಿಲುಗಳ ಮೇಲೆ ಜನ.
ಹೊಲಿಗೆ ಕಾರ್ಖಾನೆಯವಳೊಬ್ಬಳು,
ಮುರಿದ ಪಕ್ಕೆಲುಬು ಒಳಕ್ಕೆ ಚುಚ್ಚಿ
ಕತ್ತಿನ ನರ ಹಗ್ಗವಾಗಿ, ಶ್ವಾಸನಾಳ ಒಂದು ಪಕ್ಕಕ್ಕೆ ವಾಲಿ,
ತುಟಿ ನೇರಳೆ.
ಮುದುಕ ವೈದ್ಯ ಕೊರಳೆಲುಬಿನ ಕೆಳಗೆ
ಬೆರಳಲ್ಲಿ ಎಣಿಸಿ ದಪ್ಪ ಸೂಜಿ ಇಳಿಸಿದ.
ಸುಸ್ಸೆಂದಿತು.
ಕೈಗವಸಿನ ಬೆರಳು ಕತ್ತರಿಸಿ, ತುದಿ ಸೀಳಿ, ಸೂಜಿಗೆ ಕಟ್ಟಿದ:
ಹೋಗುವ ಗಾಳಿಗೆ ದಾರಿ, ಬರುವ ಗಾಳಿಗಿಲ್ಲ.
ಅವಳು ಕಣ್ಣು ಬಿಟ್ಟು ನೀರು ಕೇಳಿದಳು.
ಪಕ್ಕದ ಬಾಗಿಲಿನವನಿಗೆ ಸೂಜಿ ಉಳಿದಿರಲಿಲ್ಲ.

ಈಗ ಸೂಜಿಗೆ ಬರವಿಲ್ಲ.
ಕಂಕುಳ ಕೆಳಗೆ ಮರಗಟ್ಟಿಸಿ, ಪಕ್ಕೆಲುಬಿನ ಸಂದಿಯಲ್ಲಿ ಕೊಳವೆ;
ಅದರ ತುದಿ ನೆಲದ ಮೇಲಿನ ಬಾಟಲಿಯ ನೀರಿನಲ್ಲಿ.
ಕೆಮ್ಮಿದರೆ ಗುಳುಗುಳು.
ರಾತ್ರಿಯಿಡೀ ಗುಳ್ಳೆ ಎಣಿಸುವವಳು ನಾನು,
ಬಾಟಲಿ ಎತ್ತಬೇಡಿ, ಕೊಳವೆ ತುಳಿಯಬೇಡಿ ಅಂತ
ನೋಡಲು ಬಂದವರನ್ನೆಲ್ಲ ಬೈಯುವವಳೂ.
ಮೂರನೇ ದಿನ ಚಿಕ್ಕಪ್ಪ
ಬಾಟಲಿಗೆ ಕಿವಿಗೊಟ್ಟು ಕೂತು
"ಶ್ರುತಿಯಿಲ್ಲ" ಅಂದ.

ಐದನೇ ದಿನ ಗುಳ್ಳೆ ನಿಂತಿತು.
ನೀರು ಮಾತ್ರ ಅವನ ಉಸಿರಿನ ಜೊತೆ
ತುಸು ಏರಿ, ತುಸು ಇಳಿದು.
ಪುಪ್ಪುಸ ಗೋಡೆಗೆ ಮರಳಿತ್ತು.

"ವಿಮಾನ ಸದ್ಯಕ್ಕೆ ಬೇಡ. ಆಳದ ನೀರಿಗೆ ಮುಳುಗುವುದು ಬೇಡವೇ ಬೇಡ.
ಸಿಗರೇಟು ಬಾಯಿಗಿಟ್ಟರೆ ನಾನೇ ಬಂದು ಕಿತ್ತುಕೊಳ್ಳುತ್ತೇನೆ.
ಮತ್ತೆ ಒಡೆದರೆ ಆಪರೇಷನ್."
"ದುದುಕ್?"
ಶುಷಾನಿಕ್ ನನ್ನ ಕಡೆ ತಿರುಗಿ ಕತ್ತರಿ ಕೇಳಿದಳು.

ಕೊಳವೆ ಎಳೆಯುವಾಗ ಒಳಗೆ ಗಾಳಿ ಹೋಗಕೂಡದು.
"ಉಸಿರೆಳೆದುಕೋ. ಹಿಡಿ."
ಹಿಡಿದ.
ಕೊಳವೆ ಬಂತು, ಹೊಲಿಗೆ ಬಿಗಿಯಿತು, ಹತ್ತಿ, ಅಂಟುಪಟ್ಟಿ.
ಡಾಕ್ಟರು ಕೈ ತೊಳೆಯಲು ಹೋದಳು.
ಬಾಟಲಿ ಎತ್ತಿಕೊಂಡು ಬಾಗಿಲ ತನಕ ಬಂದು
ತಿರುಗಿ ನೋಡಿದರೆ
ಇನ್ನೂ ಹಿಡಿದೇ ಇದ್ದಾನೆ, ಕೆನ್ನೆ ಉಬ್ಬಿಸಿ,
ಮುಂದೆ ಕೂತವರು ಹಾಡು ಮುಗಿಸಲಿ ಅಂತ.

"ಬಿಡಪ್ಪ," ಅಂದೆ. "ಸಾಕು, ಬಿಡು."